ಸಭೆ ಕೂಡಿಸುವವರು ಎಲ್ಲಿ ಹೋದರು?

ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲ್ಲೂಕುಗಳಲ್ಲಿ ಜನ ಸೇರುವುದು ನಿಂತಿಲ್ಲ. ಮದುವೆಗೆ ಸೇರುತ್ತಾರೆ, ಜಾತ್ರೆಗೆ ಸೇರುತ್ತಾರೆ, ಚುನಾವಣೆ ಬಂದಾಗ ಟ್ರ್ಯಾಕ್ಟರ್ ಏರಿ ಬಂದು ಸೇರುತ್ತಾರೆ. ನಿಲ್ಲುತ್ತಿರುವುದು ಬೇರೊಂದು. ಒಂದು ವಿಷಯವನ್ನು ಮುಂದಿಟ್ಟು, ದಿನ ಗೊತ್ತುಮಾಡಿ, ಪರ–ವಿರೋಧ ಎರಡೂ ಕಡೆಯವರನ್ನು ಕರೆದು, ಮಾತು ಮುಗಿದ ಮೇಲೆ ಠರಾವು ಬರೆದು, ಜಮಾಖರ್ಚು ಓದಿ ಏಳುವ ಸಭೆ. ಅಂಥ ಸಭೆ ಕೂಡಿಸಬಲ್ಲವರು ಈ ಗ್ರಾಮೀಣ ಭಾಗದಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರ ಜಾಗಕ್ಕೆ ಹೊಸಬರು ಬರುತ್ತಿಲ್ಲ. ಸಾಂಸ್ಕೃತಿಕ ಕೊರಗೆಂದು ಬದಿಗಿಡುವ ಸಂಗತಿ ಇದಲ್ಲ. ಇದು ಸಾರ್ವಜನಿಕ ಜೀವನದ ಕುಸಿತ; ಓದುಗರಿಗೆ ಇದರ ವಿವರಣೆ ಸಲ್ಲಬೇಕು.

ಮೊದಲು ಕಾನೂನೇ ಕೂಡಿಸಬೇಕಾದ ಸಭೆಯನ್ನು ನೋಡೋಣ. ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಗ್ರಾಮಸಭೆ ಕನಿಷ್ಠ ಆರು ತಿಂಗಳಿಗೊಮ್ಮೆ ಸೇರಬೇಕು. ಅದಕ್ಕೆ ಮುನ್ನ ವಾರ್ಡ್ ಸಭೆಗಳು ನಡೆಯಬೇಕು, ಕೋರಂ ಇರಬೇಕು. ವಸತಿ ಯೋಜನೆಯ ಫಲಾನುಭವಿ ಯಾರು, ಮುಂದಿನ ವರ್ಷದ ಕ್ರಿಯಾಯೋಜನೆಯಲ್ಲಿ ಯಾವ ಕಾಮಗಾರಿ ಸೇರಬೇಕು ಎಂಬುದು ಅಲ್ಲಿ ತೀರ್ಮಾನವಾಗಬೇಕು. 2005ರ ಉದ್ಯೋಗ ಖಾತರಿ ಕಾಯ್ದೆ ಕಾಮಗಾರಿಗಳ ಸಾಮಾಜಿಕ ಲೆಕ್ಕ ಪರಿಶೋಧನೆಯನ್ನೂ ಇದೇ ಸಭೆಗೆ ವಹಿಸಿತ್ತು. ಸಾಮಾನ್ಯ ಪ್ರಜೆಯ ಮನೆಬಾಗಿಲಿಗೆ ಇಷ್ಟು ಹತ್ತಿರದಲ್ಲಿ, ಇಷ್ಟು ಅಧಿಕಾರವುಳ್ಳ ವೇದಿಕೆ ಅಪರೂಪ.

ಆದರೆ ಹಳ್ಳಿಗಳಿಂದ ಬರುವ ದೂರು ಒಂದೇ ಬಗೆಯದು. ನೋಟಿಸು ಪಂಚಾಯಿತಿಯ ಫಲಕದ ಮೇಲೆ ಅಂಟಿರುತ್ತದೆ, ಊರಿಗೆ ಸುದ್ದಿ ಮುಟ್ಟಿರುವುದಿಲ್ಲ. ಸಭೆಯ ಹೊತ್ತು ಕೂಲಿಯ ಹೊತ್ತೇ ಆಗಿರುತ್ತದೆ. ನೋಡಲ್ ಅಧಿಕಾರಿ ಇನ್ನೊಂದು ಊರಿನಿಂದ ಹೊರಟಿರುತ್ತಾರೆ, ಬಂದಿರುವುದಿಲ್ಲ. ಕೊನೆಗೆ ಜನ ಸಭೆಗೆ ಬರುವ ಬದಲು ಸಹಿಪುಸ್ತಕವೇ ಜನರ ಮನೆಗೆ ಹೋಗುತ್ತದೆ. ಎಲ್ಲ ಪಂಚಾಯಿತಿಗಳೂ ಹೀಗಿವೆ ಎಂದು ನಾವು ಹೇಳುತ್ತಿಲ್ಲ; ಚೆನ್ನಾಗಿ ಸಭೆ ನಡೆಸುವ ಅಧ್ಯಕ್ಷರು, ಅಭಿವೃದ್ಧಿ ಅಧಿಕಾರಿಗಳು ಇದ್ದಾರೆ. ಅವರನ್ನು ಅಪವಾದವೆಂದು ಎಣಿಸಬೇಕಾಗಿ ಬಂದಿರುವುದೇ ಚಿಂತೆಯ ವಿಷಯ.

ಒಂದು ಮೆಟ್ಟಿಲು ಮೇಲೆ ಹೋದರೆ ಸಭೆಯೇ ಇಲ್ಲ. ಜಿಲ್ಲಾ ಪಂಚಾಯಿತಿ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. ಆಗ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕೆಂಬುದು ಸಂವಿಧಾನದ 243ಇ ವಿಧಿಯ ಆದೇಶ. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯದ ವಾಯಿದೆ ಎನ್ನುತ್ತ ವರ್ಷಗಳು ಕಳೆದವು. ಅಧಿಕಾರ ಆಡಳಿತಾಧಿಕಾರಿಗಳ ಕೈಯಲ್ಲಿ ಉಳಿಯಿತು. 1983ರ ಕಾಯ್ದೆಯ ಮೂಲಕ, ಅಬ್ದುಲ್ ನಜೀರ್ ಸಾಬರ ಮುಂದಾಳ್ತನದಲ್ಲಿ, ಇಡೀ ದೇಶಕ್ಕೆ ಅಧಿಕಾರ ವಿಕೇಂದ್ರೀಕರಣದ ದಾರಿ ತೋರಿಸಿದ ರಾಜ್ಯದಲ್ಲಿ ಹೀಗಾಯಿತು ಎಂಬುದನ್ನು ನೆನಪಿಡಬೇಕು. ಬೆಣ್ಣಿಹಳ್ಳ ಉಕ್ಕಿ ಹೊಲ ಕೊಚ್ಚಿಹೋದಾಗ ನವಲಗುಂದದ ಸದಸ್ಯನೂ ಕುಂದಗೋಳದ ಸದಸ್ಯೆಯೂ ಎದ್ದುನಿಂತು ಅಧಿಕಾರಿಯನ್ನು ಪ್ರಶ್ನಿಸುತ್ತಿದ್ದ ಸಾಮಾನ್ಯ ಸಭೆ ಇಲ್ಲವಾದರೆ, ಪ್ರಶ್ನೆ ಎಲ್ಲಿ ಕೇಳಬೇಕು? ಪರಿಶೀಲನಾ ಸಭೆಗಳು ನಡೆಯುತ್ತವೆ, ನಿಜ. ಪರಿಶೀಲನಾ ಸಭೆಯಲ್ಲಿ ಕೂರುವವರು ಅಧಿಕಾರಿಗಳು. ಸಾಮಾನ್ಯ ಸಭೆಯಲ್ಲಿ ಕೂರುವವರು ನಮ್ಮಿಂದ ಮತ ಪಡೆದವರು.

ಇನ್ನು ಜನರೇ ಕಟ್ಟಿಕೊಂಡ ಸಭೆಗಳು. ತಾಲ್ಲೂಕು ಸಾಹಿತ್ಯ ಸಮ್ಮೇಳನವನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಧ್ವಜಾರೋಹಣ, ಕುಂಭಮೇಳ, ಸಾರೋಟಿನಲ್ಲಿ ಅಧ್ಯಕ್ಷರ ಮೆರವಣಿಗೆ ವೈಭವದಿಂದಲೇ ಸಾಗುತ್ತವೆ. ಉದ್ಘಾಟನೆಗೆ ಶಾಸಕರು ಬರುವುದು ತಡವಾಗುತ್ತದೆ. ಆಹ್ವಾನ ಪತ್ರಿಕೆಯಲ್ಲಿ ಶಿಷ್ಟಾಚಾರದ ಹೆಸರುಗಳೇ ಎರಡು ಪುಟ. ಊಟದ ನಂತರದ ಗೋಷ್ಠಿಯ ಹೊತ್ತಿಗೆ ಕುರ್ಚಿಗಳು ಖಾಲಿ, ಅನ್ಯ ಕಾರ್ಯ ನಿಮಿತ್ತ (ಒಒಡಿ) ಪ್ರಮಾಣಪತ್ರ ಕೊಡುವ ಮೇಜಿನ ಮುಂದೆ ಮಾತ್ರ ಸಾಲು. ರೈತರ ಸಂಕಷ್ಟದ ಕುರಿತ ಪ್ರಬಂಧವನ್ನು ಒಬ್ಬ ಉಪನ್ಯಾಸಕರು ಇನ್ನಿಬ್ಬರು ಉಪನ್ಯಾಸಕರಿಗೆ ಓದಿ ಹೇಳುತ್ತಾರೆ, ರೈತ ಅಲ್ಲಿರುವುದಿಲ್ಲ. ಸಂಜೆ ಠರಾವುಗಳು ಮಂಡನೆಯಾಗುತ್ತವೆ. ಹೋದ ಸಮ್ಮೇಳನದ ಠರಾವುಗಳು ಏನಾದವೆಂದು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ.

ಸರ್ಕಾರಿ ಜಯಂತಿಗಳ ಕತೆ ಇನ್ನೂ ಸಂಕ್ಷಿಪ್ತ. ಪೂರ್ವಭಾವಿ ಸಭೆ, ಭಾವಚಿತ್ರಕ್ಕೆ ಹಾರ, ಉಪನ್ಯಾಸ, ವಂದನಾರ್ಪಣೆ. ಸಿಬ್ಬಂದಿ, ಆಯಾ ಸಮಾಜದ ಮುಖಂಡರು, ಬಲವಂತಕ್ಕೆ ಬಂದ ಹಾಸ್ಟೆಲ್ ಮಕ್ಕಳು. ಮಹನೀಯರಿಗೆ ಇದರಿಂದ ಯಾವ ಗೌರವ ಸಂದಿತೋ ತಿಳಿಯದು.

ಈ ಕುಸಿತ ಬೇರೆ ಜಿಲ್ಲೆಯಲ್ಲಾಗಿದ್ದರೆ ಇಷ್ಟು ಕಟುವಾಗಿ ಕಾಣುತ್ತಿರಲಿಲ್ಲವೇನೋ. ಧಾರವಾಡವನ್ನು ಧಾರವಾಡ ಮಾಡಿದ್ದೇ ಸಭೆಗಳು. 1890ರ ಜುಲೈ 20ರಂದು ರಾ.ಹ. ದೇಶಪಾಂಡೆಯವರು ಮುಂದೆ ನಿಂತು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದಾಗ ಈ ಭಾಗದಲ್ಲಿ ಕನ್ನಡಕ್ಕೆ ಕಚೇರಿಯಲ್ಲೂ ಶಾಲೆಯಲ್ಲೂ ಮರ್ಯಾದೆಯ ಸ್ಥಾನವಿರಲಿಲ್ಲ. 1907–08ರ ಸುಮಾರಿಗೆ ಆಲೂರು ವೆಂಕಟರಾಯರು ಗ್ರಂಥಕರ್ತರನ್ನು ಒಂದೆಡೆ ಸೇರಿಸಿದರು. ಆ ಯೋಚನೆಯೇ ಬೆಳೆದು 1915ರ ಸಾಹಿತ್ಯ ಪರಿಷತ್ತಿಗೆ ದಾರಿಯಾಯಿತು. 1918ರಲ್ಲಿ ಆರ್. ನರಸಿಂಹಾಚಾರ್ಯರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ಇಲ್ಲಿಗೆ ಬಂತು. 1920ರ ಮೇ ತಿಂಗಳಲ್ಲಿ ವಿ.ಪಿ. ಮಾಧವರಾಯರ ಅಧ್ಯಕ್ಷತೆಯ ಕರ್ನಾಟಕ ರಾಜಕೀಯ ಪರಿಷತ್ತು ಇದೇ ಊರಿನಲ್ಲಿ ಕೂಡಿ ಕನ್ನಡಿಗರ ಪ್ರತ್ಯೇಕ ಪ್ರಾಂತದ ಬೇಡಿಕೆಯನ್ನು ಮುಂದಿಟ್ಟಿತು. ಅದೇ ಡಿಸೆಂಬರಿನ ನಾಗಪುರ ಕಾಂಗ್ರೆಸ್ಸಿನಲ್ಲಿ ಕರ್ನಾಟಕಕ್ಕೆ ತನ್ನದೇ ಪ್ರಾಂತೀಯ ಸಮಿತಿ ದೊರೆಯಿತು. 1926ರಲ್ಲಿ ಬೇಂದ್ರೆ ಮತ್ತು ಗೆಳೆಯರ ಗುಂಪು ನಾಡಹಬ್ಬ ಆರಂಭಿಸಿತು. ಇವುಗಳಲ್ಲಿ ಯಾವುದೂ ಸರ್ಕಾರಿ ಸುತ್ತೋಲೆಯಿಂದ ಹುಟ್ಟಿದ್ದಲ್ಲ.

ಹಳ್ಳಿಗಳ ಸಾಮರ್ಥ್ಯಕ್ಕೆ ಸಾಕ್ಷಿ ಬೇಕಿದ್ದರೆ 1980 ಇದೆ. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಅಭಿವೃದ್ಧಿ ಕರದ ಹೊರೆ ಬಿತ್ತು. ಕಾಲುವೆಯ ನೀರು ಮುಟ್ಟದ ಹೊಲಕ್ಕೂ ಕರ ಎಂಬ ಆಕ್ರೋಶ ಎದ್ದಿತು. ಊರೂರಿನಲ್ಲಿ ಸಭೆ ಕೂಡಿತು, ಸಮನ್ವಯ ಸಮಿತಿ ಆಯಿತು, ಮನವಿ ಹೋಯಿತು. ಮನವಿಗೆ ಉತ್ತರ ಬಾರದಾಗ ಜುಲೈ 21ರಂದು ನವಲಗುಂದ ಮತ್ತು ಆಗ ಧಾರವಾಡ ಜಿಲ್ಲೆಯಲ್ಲೇ ಇದ್ದ ನರಗುಂದದಲ್ಲಿ ಬಂಡಾಯ ಭುಗಿಲೆದ್ದಿತು. ಗೋಲಿಬಾರಿಗೆ ರೈತರು ಬಲಿಯಾದರು. ಜುಲೈ 21 ಇಂದಿಗೂ ರೈತ ಹುತಾತ್ಮ ದಿನ. ಆ ಕಿಡಿಯಿಂದ ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಮೂಡಿತು. ನಾವು ನೆನೆಯುವುದು ಗೋಲಿಬಾರಿನ ದಿನವನ್ನು. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಗುಡಿಯ ಕಟ್ಟೆಗಳ ಮೇಲೆ ನಡೆದ ಸಭೆಗಳನ್ನು ಇತಿಹಾಸ ಅಷ್ಟಾಗಿ ಬರೆದಿಟ್ಟಿಲ್ಲ. ಬಲ ಇದ್ದದ್ದು ಅಲ್ಲಿ.

2015ರಲ್ಲಿ ಮಹದಾಯಿ ನದಿಯ ನೀರಿಗಾಗಿ ಇದೇ ನೆಲ ಮತ್ತೆ ಎದ್ದಿತು. 2016ರ ಜುಲೈನಲ್ಲಿ ಮಹದಾಯಿ ನ್ಯಾಯಮಂಡಳಿ ರಾಜ್ಯದ ಮಧ್ಯಂತರ ಮನವಿಯನ್ನು ತಳ್ಳಿದಾಗ ನವಲಗುಂದ ತಾಲ್ಲೂಕಿನ ಯಮನೂರಿನ ಮನೆಗಳೊಳಕ್ಕೆ ಪೊಲೀಸರ ಲಾಠಿ ನುಗ್ಗಿದ್ದನ್ನು ನಾಡು ಕಂಡಿತು. 2018ರ ಆಗಸ್ಟ್ 14ರ ಅಂತಿಮ ತೀರ್ಪು ರಾಜ್ಯಕ್ಕೆ 13.42 ಟಿಎಂಸಿ ಅಡಿ ಕೊಟ್ಟಿತು; ಅದರಲ್ಲಿ ಕಳಸಾ–ಬಂಡೂರಿ ಯೋಜನೆಯ ಪಾಲು 3.9. ಕೇಂದ್ರದ ಅಧಿಸೂಚನೆ 2020ರ ಫೆಬ್ರುವರಿಯಲ್ಲಿ ಬಂತು. ತೀರ್ಪಿನ ಯಾವ ಅಂಶ ಏನು ಹೇಳುತ್ತದೆ, ಯಾವ ಅನುಮತಿ ಎಲ್ಲಿ ನಿಂತಿದೆ ಎಂದು ಊರಿನವರ ಮುಂದೆ ಕೂತು ವಿವರಿಸುವ ಸಭೆಗಳು ಆ ಬಳಿಕ ಎಷ್ಟು ನಡೆದವು? ಭಾಷಣಗಳು ನಡೆದವು. ಭಾಷಣ ಕೇಳಿದ ರೈತ ಚಪ್ಪಾಳೆ ತಟ್ಟಿ ಹೋಗುತ್ತಾನೆ. ವಿವರಣೆ ಕೇಳಿದ ರೈತ ಮರುದಿನ ಪ್ರಶ್ನೆ ತರುತ್ತಾನೆ. ನಮ್ಮ ನಾಯಕರಿಗೆ ಯಾವುದು ಹಿತವೋ ಅದನ್ನೇ ಅವರು ಏರ್ಪಡಿಸುತ್ತಾರೆ.

ಕಾರಣಗಳನ್ನು ಹುಡುಕುವಾಗ ಹಳೆಯ ಕಾಲವನ್ನು ಚಿನ್ನವೆಂದು ಕೊಂಡಾಡುವುದು ಬೇಡ. ಗುಡಿಯ ಕಟ್ಟೆಯ ಮೇಲೆ ಕೂಡುತ್ತಿದ್ದ ಸಭೆಯಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ. ದಲಿತರು ದೂರ ನಿಂತು ಕೇಳಬೇಕಿತ್ತು. ಆ ಸಭೆ ಮತ್ತೆ ಬರಲೆಂದು ಯಾರೂ ಬಯಸಬೇಕಾಗಿಲ್ಲ. ಆದರೆ ಅದನ್ನು ಕೂಡಿಸುತ್ತಿದ್ದವರಿಗೆ ಒಂದು ಕಸುಬು ಗೊತ್ತಿತ್ತು. ಬಿತ್ತನೆ, ರಾಶಿ, ಅಮಾವಾಸ್ಯೆ ನೋಡಿ ದಿನ ಹಿಡಿಯುವುದು. ಮನೆಮನೆಗೆ ಪಟ್ಟಿ ಎತ್ತುವುದು. ಮುನಿಸಿಕೊಂಡವರ ಮನೆಗೆ ಮೊದಲು ಹೋಗುವುದು. ಯಾರ ಹೆಸರಿನ ಹಿಂದೆ ಯಾರ ಹೆಸರು ಬಂದರೆ ಜಗಳವಾಗುತ್ತದೆಂದು ತಿಳಿದಿರುವುದು. ದೂರದ ಅತಿಥಿಯನ್ನು ಇಳಿಸಲು ವಾಡೆಯನ್ನೋ ಶಾಲೆಯನ್ನೋ ಗೊತ್ತುಮಾಡುವುದು. ರೊಟ್ಟಿ ಎಷ್ಟು ಮನೆಯಿಂದ ಬರಬೇಕು, ಝುಣಕ ಎಲ್ಲಿ ಆಗಬೇಕು ಎಂದು ಲೆಕ್ಕ ಹಾಕುವುದು. ಕೊನೆಗೆ ಉಳಿದ ಹಣವೆಷ್ಟೆಂದು ಎಲ್ಲರೆದುರು ಓದುವುದು. ಒಬ್ಬ ಹಿರಿಯನ ಹಿಂದೆ ಹತ್ತು ವರ್ಷ ಓಡಾಡಿದ ಹುಡುಗ ಇದನ್ನು ಕಲಿಯುತ್ತಿದ್ದ. ಕಲಿಸುವ ಶಾಲೆ ಇರಲಿಲ್ಲ. ಹಿರಿಯ ಹೋದ, ಹುಡುಗ ಹುಬ್ಬಳ್ಳಿಗೋ ಬೆಂಗಳೂರಿಗೋ ದುಡಿಯಲು ಹೋದ. ಕಸುಬು ಅಲ್ಲಿಗೆ ತುಂಡಾಯಿತು.

ತೆರವಾದ ಜಾಗಕ್ಕೆ ಈವೆಂಟ್ ಮ್ಯಾನೇಜ್‌ಮೆಂಟ್ ಬಂದಿದೆ. ಪೆಂಡಾಲು, ಎಲ್‌ಇಡಿ ಪರದೆ, ಕುರ್ಚಿ, ಊಟ, ನಿರೂಪಕಿ ಎಲ್ಲವೂ ಒಂದೇ ದರಪಟ್ಟಿಯಲ್ಲಿ ಸಿಗುತ್ತವೆ. ನವಲಗುಂದದ ಹೆಣ್ಣುಮಕ್ಕಳು ನೇಯ್ದ ಜಮಖಾನಗಳ ಮೇಲೆ ಊರು ಒಟ್ಟಾಗಿ ಕೂರುವ ಸಭೆಗಳು ಅಪರೂಪವಾದವು. ಆ ಜಮಖಾನಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಬಂದಿದೆ, ನೇಯುವ ಕೈಗಳು ಮಾತ್ರ ಬೆರಳೆಣಿಕೆಗೆ ಇಳಿದಿವೆ. ಗುತ್ತಿಗೆದಾರನನ್ನು ನಾವು ದೂರುವುದಿಲ್ಲ. ಅವನು ಹಣ ಪಡೆದ ಕೆಲಸ ಮಾಡಿಕೊಡುತ್ತಾನೆ. ಅವನು ಜನರನ್ನು ಕೂರಿಸಬಲ್ಲ, ಕರೆಯಲಾರ. ಊರಿನ ಎರಡು ಪಂಗಡಗಳು ಮಾತು ಬಿಟ್ಟಿದ್ದರೆ ಅವುಗಳ ನಡುವೆ ಓಡಾಡುವುದು ಅವನ ದರಪಟ್ಟಿಯಲ್ಲಿಲ್ಲ.

ಸ್ಥಳದ ಪ್ರಶ್ನೆಯನ್ನೂ ಮುಚ್ಚಿಡಬಾರದು. ಹಳ್ಳಿಹಳ್ಳಿಗೆ ಸಮುದಾಯ ಭವನಗಳು ಎದ್ದಿವೆ. ಶಾಸಕರ, ಸಂಸದರ ನಿಧಿ ಅವುಗಳಿಗೆ ಹರಿದಿದೆ. ಆದರೆ ಹೆಚ್ಚಿನವು ಒಂದೊಂದು ಸಮಾಜದ ಹೆಸರಿನವು. ಬೀಗದ ಕೈ ಆ ಸಮಾಜದ ಮುಖಂಡರ ಮನೆಯಲ್ಲಿ. ಎಲ್ಲ ಜಾತಿಯವರೂ ಸಂಕೋಚವಿಲ್ಲದೆ ಬಂದು ಕೂರಬಹುದಾದ ಒಂದು ಸಾರ್ವಜನಿಕ ಸಭಾಂಗಣ ಎಷ್ಟು ಊರುಗಳಲ್ಲಿದೆ ಎಂದು ಜಿಲ್ಲಾ ಪಂಚಾಯಿತಿ ಲೆಕ್ಕ ಕೊಡಲಿ. ಸಾರ್ವಜನಿಕ ಹಣದಿಂದ ಕಟ್ಟಿದ ಕಟ್ಟಡದ ಬಾಗಿಲು ಸಾರ್ವಜನಿಕ ಸಭೆಗೆ ತೆರೆಯಲೇಬೇಕೆಂಬ ಷರತ್ತನ್ನು ಅನುದಾನದ ಆದೇಶದಲ್ಲೇ ಬರೆಯಲು ಏನು ಅಡ್ಡಿ?

ಕುಂದಗೋಳ ನಮಗೆ ಒಂದು ಪಾಠ ಕೊಡುತ್ತದೆ. ಸವಾಯಿ ಗಂಧರ್ವರೆಂದು ನಾಡು ಕರೆದ ರಾಮಚಂದ್ರ ಕುಂದಗೋಳಕರ ಸೌಂಶಿಯವರು 1952ರಲ್ಲಿ ತೀರಿಕೊಂಡರು. ಮರುವರ್ಷವೇ ಶಿಷ್ಯ ಭೀಮಸೇನ ಜೋಶಿಯವರು ಪುಣೆಯಲ್ಲಿ ಗುರುಸ್ಮರಣೆಯ ಸಂಗೀತೋತ್ಸವ ಆರಂಭಿಸಿದರು. ಗುರು ಬಾಳಿದ, ಶಿಷ್ಯರಿಗೆ ಕಲಿಸಿದ, ಹುಬ್ಬಳ್ಳಿಯಿಂದ ರೈಲು ಹತ್ತಿ ಗಂಗೂಬಾಯಿ ಹಾನಗಲ್ಲರು ಪಾಠಕ್ಕೆ ಬರುತ್ತಿದ್ದ ಕುಂದಗೋಳದಲ್ಲೂ ನಾಡಿಗೇರ ವಾಡೆಯಲ್ಲಿ ಪುಣ್ಯತಿಥಿಯ ಅಹೋರಾತ್ರಿ ಸಂಗೀತ ದಶಕಗಳಿಂದ ನಡೆದುಬಂತು. ಭೀಮಸೇನರೂ ಗಂಗೂಬಾಯಿಯವರೂ ಗುರುವಿನ ಊರಿಗೆ ಬಂದು ಹಾಡಿದರು. ಎರಡೂ ಒಂದೇ ಭಕ್ತಿಯ ಫಲ. ಪುಣೆಯ ಹಿಂದೆ ಆರ್ಯ ಸಂಗೀತ ಪ್ರಸಾರಕ ಮಂಡಳವಿದೆ, ಟಿಕೆಟ್ಟು ಇದೆ, ಪ್ರಾಯೋಜಕರಿದ್ದಾರೆ, ಒಬ್ಬರ ನಂತರ ಒಬ್ಬರು ಹೊಣೆ ಹೊರುವ ವ್ಯವಸ್ಥೆ ಇದೆ. ರಾತ್ರಿ 10ರ ಬಳಿಕ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂಬ 2000ದ ಶಬ್ದಮಾಲಿನ್ಯ ನಿಯಮ ಬಂದಾಗ ಪುಣೆಯ ಉತ್ಸವ ತನ್ನ ಅಹೋರಾತ್ರಿಯ ಪದ್ಧತಿಯನ್ನೇ ಬದಲಿಸಿ ಉಳಿದುಕೊಂಡಿತು.

ಕುಂದಗೋಳದ ಬಲ ಬೇರೆ: ವಾಡೆಯ ಒಂದು ಮನೆತನ, ಹುಬ್ಬಳ್ಳಿ–ಧಾರವಾಡದ ಕೆಲವು ರಸಿಕರು, ಹೊಲದಿಂದ ನೇರ ಬಂದು ಬೆಳಗಿನವರೆಗೆ ಕೂರುವ ಶ್ರೋತೃಗಳು. ಕುಂದಗೋಳ ಪುಣೆಯಾಗಬೇಕೆಂದು ನಾವು ಹೇಳುವುದಿಲ್ಲ, ಆಗಬಾರದೆಂದೇ ಹೇಳುತ್ತೇವೆ. ಟಿಕೆಟ್ಟಿಲ್ಲದೆ ಭೈರವಿ ಕೇಳುವ ಭಾಗ್ಯ ಈ ದೇಶದಲ್ಲಿ ಎಷ್ಟು ಹಳ್ಳಿಗರಿಗುಂಟು? ಆದರೆ ಇನ್ನು 20 ವರ್ಷಗಳ ಬಳಿಕ ಆ ರಾತ್ರಿಯನ್ನು ಯಾರು ಕೂಡಿಸುತ್ತಾರೆ ಎಂಬ ಪ್ರಶ್ನೆಗೆ ಇಂದೇ ಉತ್ತರ ಬರೆದಿಡಬೇಕು. ವ್ಯಕ್ತಿನಿಷ್ಠೆಯ ಮೇಲೆ ನಿಂತ ಸಭೆಗೆ ವ್ಯಕ್ತಿಯ ಆಯುಷ್ಯವೇ ಆಯುಷ್ಯ.

ಈ ಮಾತಿಗೆ ಈಗ ತುರ್ತು ಬಂದಿರಲು ಇನ್ನೊಂದು ಕಾರಣವಿದೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಅದರ ಬೆನ್ನಿಗೆ ರಾಜ್ಯ ಸರ್ಕಾರ ಜನಸಂದಣಿ ನಿಯಂತ್ರಣ ಮಸೂದೆಯನ್ನು ವಿಧಾನಮಂಡಲದ ಮುಂದೆ ತಂದಿತು. ಕಾರ್ಯಕ್ರಮದ ಸಂಘಟಕರನ್ನು ಹೊಣೆಗಾರರನ್ನಾಗಿಸುವುದು ಅದರ ಉದ್ದೇಶ. ಜೀವಹಾನಿಯಾದಾಗ ಹೊಣೆ ಹೊರಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹೊಣೆಯ ಭಾರ ಎಲ್ಲರ ಮೇಲೂ ಒಂದೇ ಬಗೆಯಲ್ಲಿ ಬೀಳುವುದಿಲ್ಲ. ದೊಡ್ಡ ಸಂಸ್ಥೆಗೆ ವಕೀಲರಿದ್ದಾರೆ, ವಿಮೆ ಇದೆ. ಕಲಘಟಗಿಯ ಒಂದು ಯುವಕ ಮಂಡಲಕ್ಕೆ ಪೊಲೀಸ್ ಅನುಮತಿ, ಹೆಸ್ಕಾಂನ ತಾತ್ಕಾಲಿಕ ಸಂಪರ್ಕ, ಪಂಚಾಯಿತಿಯ ನಿರಾಕ್ಷೇಪಣಾ ಪತ್ರ ಇಷ್ಟರಲ್ಲೇ ಉಸಿರು ಹೋಗಿರುತ್ತದೆ. ಬರುವ ದಾರಿ ಯಾವುದು, ಹೊರಡುವ ದಾರಿ ಯಾವುದು, ಅಡುಗೆಯ ಗ್ಯಾಸು ಜನರಿಂದ ಎಷ್ಟು ದೂರವಿರಬೇಕು, ಆಂಬುಲೆನ್ಸ್ ಎಲ್ಲಿ ನಿಲ್ಲಬೇಕು ಎಂದು ಅವರಿಗೆ ಯಾರೂ ಕಲಿಸಿಲ್ಲ. ಕಲಿಸದೆ ದಂಡಿಸುವ ಕಾನೂನು ಬಂದರೆ ಉಳಿಯುವುದು ಎರಡೇ ಬಗೆಯ ಸಭೆ: ಹಣವಿದ್ದವರದು, ಅಧಿಕಾರವಿದ್ದವರದು.

ಬೇರೆ ಕಡೆ ಏನಾಗಿದೆ ಎಂದು ನೋಡುವುದು ಅನುಚಿತವಲ್ಲ. ಆಲೂರರು ಇಲ್ಲಿ ಗ್ರಂಥಕರ್ತರನ್ನು ಸೇರಿಸುತ್ತಿದ್ದ ಕಾಲದಲ್ಲೇ, 1907ರಲ್ಲಿ, ಬ್ರಸೆಲ್ಸ್ ನಗರದಲ್ಲಿ ಪಾಲ್ ಓಟ್ಲೆ ಮತ್ತು ಆನ್ರಿ ಲಾ ಫೊಂಟೇನ್ ಅಂತರರಾಷ್ಟ್ರೀಯ ಸಂಘಗಳಿಗೊಂದು ಕೇಂದ್ರ ಕಚೇರಿ ತೆರೆದರು. 1968ರಲ್ಲಿ ವೃತ್ತಿಪರ ಸಮ್ಮೇಳನ ಸಂಘಟಕರ ಅಂತರರಾಷ್ಟ್ರೀಯ ಸಂಘ ಹುಟ್ಟಿತು. ಮುಂದೆ ಯುರೋಪಿನ ಬೇರೆಬೇರೆ ದೇಶಗಳ ಸಂಘಟಕರ ಸಂಘಗಳು ಸೇರಿ ತಮ್ಮದೇ ಒಕ್ಕೂಟ ರಚಿಸಿಕೊಂಡವು. ಕೆಲಸದ ಗುಣಮಟ್ಟಕ್ಕೆ ಮಾನದಂಡ, ಹೊಸಬರಿಗೆ ತರಬೇತಿ, ಯುರೋಪಿಯನ್ ಒಕ್ಕೂಟದ ಮುಂದೆ ತಮ್ಮ ವೃತ್ತಿಯ ಪರವಾಗಿ ಒಂದೇ ದನಿಯ ಮಾತು ಇವು ಅಂಥ ಸಂಸ್ಥೆಗಳ ಗುರಿಗಳು. ಕಾರ್ಯಕ್ರಮಗಳಿಂದ ಪರಿಸರಕ್ಕಾಗುವ ಹಾನಿಯನ್ನು ತಗ್ಗಿಸಲು 2012ರಲ್ಲಿ ಐಎಸ್‌ಒ 20121 ಎಂಬ ಜಾಗತಿಕ ಮಾನದಂಡವೂ ಬಂತು.

ಅವರದು ವ್ಯಾಪಾರ, ಅದನ್ನು ಮರೆಯಬಾರದು. ವೈದ್ಯರ, ಕಂಪನಿಗಳ, ವಿಜ್ಞಾನಿಗಳ ಸಮ್ಮೇಳನಗಳಿಂದ ಹೋಟೆಲು, ವಿಮಾನ, ಸಭಾಂಗಣಗಳಿಗೆ ಬರುವ ಆದಾಯ ಅವರ ಲೆಕ್ಕ. ನಮ್ಮ ಲೆಕ್ಕ ಬೇರೆ. ಅಣ್ಣಿಗೇರಿಯ ಕಡಲೆ ಬೆಳೆಗಾರರ ಸಭೆಯಿಂದ ಯಾವ ಹೋಟೆಲೂ ಉದ್ಧಾರವಾಗದು. ಆದರೂ ಅವರಿಂದ ಪಡೆಯಬಹುದಾದ ಒಂದು ಸಂಗತಿ ಇದೆ: ಸಭೆ ಕೂಡಿಸುವುದನ್ನು ಕಲಿಯಬೇಕಾದ, ಕಲಿಸಬೇಕಾದ, ಮುಂದಿನವರಿಗೆ ಒಪ್ಪಿಸಬೇಕಾದ ಕೆಲಸವೆಂದು ಅವರು ಒಪ್ಪಿದ್ದಾರೆ. ಪರಸ್ಪರ ಪೈಪೋಟಿಯಲ್ಲಿರುವವರು ಕೂಡ ಒಂದು ಒಕ್ಕೂಟದಲ್ಲಿ ಕೂತು ಮುಂದಿನ ಗುರಿಗಳನ್ನು ಬರೆದುಕೊಳ್ಳುತ್ತಾರೆ. ನಮ್ಮಲ್ಲಿ ಜಾತ್ರಾ ಕಮಿಟಿಗೆ ಸಾಹಿತ್ಯ ಪರಿಷತ್ತಿನ ಪರಿಚಯವಿಲ್ಲ, ರೈತ ಸಂಘಟನೆಗೆ ಸಂಗೀತ ಸಮಿತಿಯ ಸಂಪರ್ಕವಿಲ್ಲ. ಒಂದೇ ದಿನ, ಒಂದೇ ತಾಲ್ಲೂಕಿನಲ್ಲಿ ನಾಲ್ಕು ಕಾರ್ಯಕ್ರಮಗಳು ಬಿದ್ದು ನಾಲ್ಕಕ್ಕೂ ಜನರಿಲ್ಲದ್ದನ್ನು ನೋಡುತ್ತಲೇ ಇದ್ದೇವೆ.

ಹಾಗಾದರೆ ಈ ಕಸುಬು ನಮ್ಮ ಹಳ್ಳಿಗಳಲ್ಲಿ ಪೂರ್ತಿ ಸತ್ತಿದೆಯೇ? ಇಲ್ಲ. ಅದು ನಾವು ಹುಡುಕದ ಕಡೆ ಬದುಕಿದೆ. ಸ್ವಸಹಾಯ ಸಂಘಗಳ ಮಹಿಳೆಯರು ವಾರವಾರ ಸೇರುತ್ತಾರೆ. ಹಾಜರಿ ಹಾಕುತ್ತಾರೆ, ಉಳಿತಾಯ ಎಣಿಸುತ್ತಾರೆ, ಸಾಲ ಯಾರಿಗೆ ಮೊದಲು ಎಂದು ವಾದಿಸಿ ತೀರ್ಮಾನಿಸುತ್ತಾರೆ, ನಡಾವಳಿ ಬರೆದು ಸಹಿ ಮಾಡುತ್ತಾರೆ. ಈ ಸಂಘಗಳಿಗೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಒಕ್ಕೂಟಗಳೂ ಇವೆ. ಗಂಡಸರ ಸಭೆಗಳು ಭಾಷಣಕ್ಕೆ ಇಳಿದ ಕಾಲದಲ್ಲಿ, ಕಟ್ಟೆಯ ಮೇಲೆ ಎಂದೂ ಜಾಗ ಸಿಗದಿದ್ದವರು ಸಭೆಯ ಶಿಸ್ತನ್ನು ಕಾಪಾಡಿಕೊಂಡು ಬಂದಿದ್ದಾರೆ. ಆದರೆ ಅದೇ ಮಹಿಳೆಯರನ್ನು ಗ್ರಾಮಸಭೆಗೆ ಕರೆಯುವುದು ಕೋರಂ ತುಂಬಲು, ಮಂತ್ರಿಗಳ ಕಾರ್ಯಕ್ರಮಕ್ಕೆ ಕರೆಯುವುದು ಮೈದಾನ ತುಂಬಲು. ಅವರಲ್ಲಿ ಅನುಭವವಿರುವವರಿಗೆ ಗ್ರಾಮಸಭೆಯ ಸಿದ್ಧತೆಯ ಹೊಣೆಯನ್ನೇ ಕೊಟ್ಟು ನೋಡಲಿ. ಒಂದು ವರ್ಷ ಸಾಕು, ವ್ಯತ್ಯಾಸ ಕಾಣುತ್ತದೆ ಎಂಬುದು ನಮ್ಮ ದೃಢ ಅಭಿಪ್ರಾಯ.

ವಾಟ್ಸ್ಆ್ಯಪ್ ಗುಂಪುಗಳಿರುವಾಗ ಸಭೆ ಏಕೆ ಎಂದು ಕೇಳುವವರಿದ್ದಾರೆ. ಸುದ್ದಿ ಮುಟ್ಟಿಸಲು ಅದು ಡಂಗುರಕ್ಕಿಂತ ಉತ್ತಮ, ಒಪ್ಪುತ್ತೇವೆ. ಆದರೆ ಬೆಳೆ ವಿಮೆಯ ಪಟ್ಟಿಯಲ್ಲಿ ತನ್ನ ಸರ್ವೆ ನಂಬರಿನ ಎದುರು ಬೇರೆ ಬೆಳೆ ನಮೂದಾಗಿದ್ದರೆ ಅದನ್ನು ಅಧಿಕಾರಿಯ ಮುಖಕ್ಕೆ ಹೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿಕೊಳ್ಳಬೇಕು. ಗುಂಪಿನಲ್ಲಿ ಹಾಕಿದ ಸಿಟ್ಟು ಮರುದಿನದ ಶುಭೋದಯಗಳ ಕೆಳಗೆ ಹೂತುಹೋಗುತ್ತದೆ. ನಡಾವಳಿಯಲ್ಲಿ ಬರೆದದ್ದನ್ನು ನ್ಯಾಯಾಲಯವೂ ನೋಡಬಹುದು.

ಈಗ ಹೊಣೆಗಾರರ ಮಾತು. ಚುನಾವಣೆ ಬಾಕಿ ಇರುವ ಪಂಚಾಯಿತಿಗಳಿಗೆ ವಿಳಂಬವಿಲ್ಲದೆ ಚುನಾವಣೆ ನಡೆಸುವುದು ರಾಜ್ಯ ಸರ್ಕಾರದ ಮತ್ತು ರಾಜ್ಯ ಚುನಾವಣಾ ಆಯೋಗದ ಕರ್ತವ್ಯ. ಈ ವಿಷಯದಲ್ಲಿ ಯಾವ ನೆಪವನ್ನೂ ಈ ಪತ್ರಿಕೆ ಒಪ್ಪುವುದಿಲ್ಲ. ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯವರು ಗ್ರಾಮಸಭೆಗಳ ವಾರ್ಷಿಕ ವೇಳಾಪಟ್ಟಿಯನ್ನು ಮೊದಲೇ ಪ್ರಕಟಿಸಬೇಕು, ಸಭೆಯ ಹೊತ್ತನ್ನು ದುಡಿಯುವವರ ಅನುಕೂಲ ನೋಡಿ ಇಡಬೇಕು, ನಡಾವಳಿಯನ್ನು ವಾರದೊಳಗೆ ಊರಿನ ಗೋಡೆಯ ಮೇಲೆ ಹಚ್ಚಿಸಬೇಕು.

ಕನ್ನಡ ಸಾಹಿತ್ಯ ಪರಿಷತ್ತಿನ ಜಿಲ್ಲಾ ಮತ್ತು ತಾಲ್ಲೂಕು ಘಟಕಗಳಿಂದ ನಾವು ನಿರೀಕ್ಷಿಸುವುದು ಹೆಚ್ಚು. 2019ರ ಜನವರಿಯಲ್ಲಿ ಚಂದ್ರಶೇಖರ ಕಂಬಾರರ ಅಧ್ಯಕ್ಷತೆಯ 84ನೆಯ ಅಖಿಲ ಭಾರತ ಸಮ್ಮೇಳನವನ್ನು ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಮೂರು ದಿನ ನಡೆಸಿದ ಜಿಲ್ಲೆಗೆ ದೊಡ್ಡದನ್ನು ನಿಭಾಯಿಸುವ ಶಕ್ತಿ ಇದೆ. ಪ್ರತಿ ವರ್ಷ ಕೃಷಿ ಮೇಳಕ್ಕೆ ಬರುವ ಲಕ್ಷಾಂತರ ರೈತರನ್ನು ಆ ವಿಶ್ವವಿದ್ಯಾಲಯ ನಿಭಾಯಿಸುತ್ತಲೂ ಇದೆ. ಸಣ್ಣದನ್ನು ಅರ್ಥಪೂರ್ಣವಾಗಿ ನಡೆಸುವುದು ಹೆಚ್ಚು ಕಷ್ಟ. ತಾಲ್ಲೂಕು ಸಮ್ಮೇಳನದ ಮೊದಲ ಗೋಷ್ಠಿ ಹಿಂದಿನ ಠರಾವುಗಳ ಸ್ಥಿತಿಗತಿಯ ಕುರಿತು ಇರಲಿ. ವೇದಿಕೆಯ ಮೇಲೆ ಕೂರುವವರ ಸಂಖ್ಯೆ ಕಡಿಮೆಯಾಗಲಿ. ಜಮಾಖರ್ಚು ತಿಂಗಳೊಳಗೆ ಪ್ರಕಟವಾಗಲಿ. ಪಂಪನ ತಾಯಿಯ ತವರೆಂಬ ಹೆಮ್ಮೆಯ ಅಣ್ಣಿಗೇರಿಯಲ್ಲಿ ಇದು ಆರಂಭವಾದರೆ ಯಾರೂ ಆಕ್ಷೇಪಿಸಲಾರರು.

ತರಬೇತಿಗೆ ದೂರ ಹೋಗಬೇಕಿಲ್ಲ. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್‌ಗೆಂದೇ 2016ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ ಅಣ್ಣಿಗೇರಿಯ ಪಕ್ಕದ ಗದಗಿನಲ್ಲೇ ಇದೆ. ಸಭೆ ಕರೆಯುವುದು, ಅಧ್ಯಕ್ಷತೆ ವಹಿಸುವುದು, ನಡಾವಳಿ ಬರೆಯುವುದು, ಲೆಕ್ಕ ಇಡುವುದು, ಜನಸಂದಣಿಯನ್ನು ಸುರಕ್ಷಿತವಾಗಿ ನಡೆಸುವುದು ಇಷ್ಟನ್ನು ಕಲಿಸುವ ಒಂದು ಕಿರು ಸರ್ಟಿಫಿಕೇಟ್ ಕೋರ್ಸನ್ನು ಅದು ರೂಪಿಸಲಿ. ನಾಲ್ಕೂ ತಾಲ್ಲೂಕುಗಳಿಂದ ಪ್ರತಿ ಪಂಚಾಯಿತಿಗೆ ಇಬ್ಬರಂತೆ, ಅವರಲ್ಲಿ ಒಬ್ಬರು ಮಹಿಳೆಯಿರುವಂತೆ, ಯುವಜನರನ್ನು ಕಳುಹಿಸುವ ವೆಚ್ಚ ಒಂದು ಸಮುದಾಯ ಭವನದ ಕಾಂಪೌಂಡ್ ಗೋಡೆಗಿಂತ ಹೆಚ್ಚಾಗಲಾರದು.

ಕೊನೆಯ ಹೊಣೆ ಸಂಘಟಕರದೇ. ಜಾತ್ರಾ ಸಮಿತಿ, ಯುವಕ ಮಂಡಲ, ರೈತ ಸಂಘಟನೆ, ಬಯಲಾಟದ ಮೇಳ, ಸಂಗೀತ ಸಮಿತಿ, ಮಹಿಳಾ ಒಕ್ಕೂಟ ಇವು ತಾಲ್ಲೂಕಿಗೊಂದರಂತೆ ಒಂದೆಡೆ ಸೇರಬೇಕು. ಯಾರ ಸ್ವಾಯತ್ತತೆಯನ್ನೂ ಬಿಟ್ಟುಕೊಡಬೇಕಾಗಿಲ್ಲ. ದಿನಾಂಕಗಳ ಒಂದು ಸಾಮಾನ್ಯ ಪಟ್ಟಿ, ಹಂಚಿಕೊಳ್ಳಬಹುದಾದ ಪಾತ್ರೆ–ಪಗಡ, ಜಮಖಾನ, ಧ್ವನಿವರ್ಧಕ, ಅನುಮತಿ ಪತ್ರಗಳ ಕುರಿತು ಪರಸ್ಪರ ನೆರವು, ಪ್ಲಾಸ್ಟಿಕ್ ತಟ್ಟೆ–ಲೋಟಗಳನ್ನು ಹಳ್ಳಕ್ಕೆ ಬಿಸಾಡುವುದಿಲ್ಲವೆಂಬ ಒಪ್ಪಂದ ಇಷ್ಟು ಮೊದಲ ವರ್ಷಕ್ಕೆ ಸಾಕು. ಜನಸಂದಣಿ ಕಾನೂನಿನ ನಿಯಮಗಳು ರೂಪುಗೊಳ್ಳುವಾಗ ಸಣ್ಣ ಸಂಘಟಕರ ಪರವಾಗಿ ಒಂದೇ ದನಿಯಲ್ಲಿ ಮನವಿ ಕೊಡಲು ಇಂಥ ಒಕ್ಕೂಟ ಬೇಕೇ ಬೇಕು. ರಾಜಕೀಯ ಪಕ್ಷಗಳ ಪದಾಧಿಕಾರಿಗಳು ಅದರ ಹುದ್ದೆಗಳಿಂದ ದೂರವಿದ್ದರೆ ಅದು ಬಾಳುತ್ತದೆ. ಒಳಬಂದರೆ ಎರಡನೆಯ ವರ್ಷಕ್ಕೆ ಎರಡು ಒಕ್ಕೂಟಗಳಾಗುತ್ತವೆ.

ನಾಲ್ಕೂ ತಾಲ್ಲೂಕುಗಳ ಗ್ರಾಮಸಭೆಗಳ ಮತ್ತು ಸಾರ್ವಜನಿಕ ಸಭೆಗಳ ದಿನ, ಸ್ಥಳ, ವಿಷಯ ಕಳುಹಿಸಿದರೆ ಈ ಪತ್ರಿಕೆ ಅವನ್ನು ವಾರಕ್ಕೊಮ್ಮೆ ಉಚಿತವಾಗಿ ಪ್ರಕಟಿಸಲಿದೆ. ನಡೆಯಲಿಲ್ಲವೆಂದು ಊರಿನವರು ಬರೆದು ತಿಳಿಸಿದ, ಕೋರಂ ಇಲ್ಲದೆ ಮುಂದೂಡಿದ, ನೋಡಲ್ ಅಧಿಕಾರಿ ಬಾರದೆ ನಿಂತ ಸಭೆಗಳ ಪಟ್ಟಿಯನ್ನೂ ವಿಚಾರಿಸಿ, ಪಂಚಾಯಿತಿಯ ಹೆಸರು ಸಮೇತ, ಅದರ ಪಕ್ಕದಲ್ಲೇ ಅಚ್ಚು ಮಾಡುತ್ತೇವೆ.